22 ವರ್ಷ ನೋಡಿದ ಹುಡುಗ, ಒಂದೇ ಪುಟದ ತಾಯಿ

ಈ ಪ್ರಕರಣದಲ್ಲಿ ಇಬ್ಬರಿದ್ದಾರೆ: ಒಬ್ಬ ಹುಡುಗ, ಮತ್ತು ಅವನ ತಾಯಿ. ಇಬ್ಬರೂ ಒಂದೇ ಚಿತ್ರಪುಸ್ತಕದವರು, ಒಬ್ಬನೇ ಚಿತ್ರಕಾರನ ಕೈಯಿಂದ ಬಂದವರು. ಹುಡುಗನನ್ನು ಜನ ಅರುವತ್ತು ವರ್ಷಗಳಿಂದ ಮುದ್ದಿಸುತ್ತಿದ್ದಾರೆ. ತಾಯಿಯ ವಿಷಯದಲ್ಲಿ ಪುಸ್ತಕ ಬಂದ ಮೂರನೆಯ ವರ್ಷಕ್ಕೇ ಜಗಳವಾಯಿತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ಕಸುಬಾಗಿರುವ ನನಗೆ ಈ ವ್ಯತ್ಯಾಸ ಬಹಳ ದಿನ ಕಾಡಿದೆ. ಒಂದೇ ಕೈ, ಒಂದೇ ಮನಸ್ಸು, ಒಂದೇ ಒಳ್ಳೆಯ ಉದ್ದೇಶ. ಆದರೂ ಒಬ್ಬನು ಜೀವಂತವಾಗಿ ಬಂದ, ಇನ್ನೊಬ್ಬಳು ಅಚ್ಚಿನಿಂದ ತೆಗೆದಂತೆ ಬಂದಳು. ಯಾಕೆ?

ಪುಸ್ತಕದ ಹೆಸರು ‘ದಿ ಸ್ನೋಯಿ ಡೇ’. 1962ರಲ್ಲಿ ನ್ಯೂಯಾರ್ಕಿನ ವೈಕಿಂಗ್ ಪ್ರಕಾಶನದಿಂದ ಬಂತು. ಬರೆದವರು ಎಜ್ರಾ ಜ್ಯಾಕ್ ಕೀಟ್ಸ್. ಕಥೆ ಅಂಗೈಯಗಲದ್ದು: ಪೀಟರ್ ಎಂಬ ಪುಟ್ಟ ಹುಡುಗ ಬೆಳಗ್ಗೆ ಎದ್ದು ನೋಡಿದರೆ ಊರೆಲ್ಲ ಹಿಮ ಬಿದ್ದಿದೆ. ಕೆಂಪು ಟೊಪ್ಪಿಗೆಯ ಉಡುಪು ಹಾಕಿಕೊಂಡು ಹೊರಗೆ ಹೋಗುತ್ತಾನೆ, ಹಿಮದಲ್ಲಿ ಹೆಜ್ಜೆ ಮೂಡಿಸುತ್ತಾನೆ, ಕೋಲಿನಿಂದ ಮರಕ್ಕೆ ಹೊಡೆದು ತಲೆಯ ಮೇಲೆ ಹಿಮ ಬೀಳಿಸಿಕೊಳ್ಳುತ್ತಾನೆ, ಒಂದು ಹಿಮದುಂಡೆಯನ್ನು ನಾಳೆಗೆಂದು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಅದು ಕರಗಿಹೋಗುತ್ತದೆ. ಅಷ್ಟೇ. ಹಿಮವನ್ನು ಫ್ರಿಜ್ಜಿನ ಗೋಡೆಯಲ್ಲಿ ಮಾತ್ರ ಕಂಡಿರುವ ನಮ್ಮ ಮಕ್ಕಳಿಗೂ ಆ ಜೇಬಿನ ದುಃಖ ಅರ್ಥವಾಗುತ್ತದೆ. ಆಲಿಕಲ್ಲನ್ನು ಲೋಟದಲ್ಲಿ ಕೂಡಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೀಟರ್ ಕಪ್ಪು ಹುಡುಗ. ಚಿತ್ರಕಾರ ಬಿಳಿಯ, ಯಹೂದಿ. 1963ರಲ್ಲಿ ಪುಸ್ತಕಕ್ಕೆ ಅಮೆರಿಕದ ಚಿತ್ರಪುಸ್ತಕಗಳ ಅತಿದೊಡ್ಡ ಗೌರವವಾದ ಕಾಲ್ಡೆಕಾಟ್ ಪದಕ ಬಂತು. ಕಪ್ಪು ಮಗುವೇ ನಾಯಕನಾದ ಪುಸ್ತಕಕ್ಕೆ ಆ ಪದಕ ಸಿಕ್ಕಿದ್ದು ಅದೇ ಮೊದಲು. ಕಪ್ಪು ಮಗುವಿದ್ದ ಮೊದಲ ಚಿತ್ರಪುಸ್ತಕವೇ ಇದು ಎಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ‘ಟೂ ಈಸ್ ಎ ಟೀಮ್’ 1945ರಲ್ಲೇ ಬಂದಿತ್ತು. ಅದಕ್ಕೆ ಚಿತ್ರ ಬರೆದ ಅರ್ನೆಸ್ಟ್ ಕ್ರಿಚ್‌ಲೋ ಸ್ವತಃ ಕಪ್ಪು ಕಲಾವಿದರು.

ಗೋಡೆಯ ಮೇಲಿನ ಹುಡುಗ

1940ರ ಮೇ 13ರ ‘ಲೈಫ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಫೋಟೊ ಸರಣಿ ಬಂದಿತ್ತು. ಜಾರ್ಜಿಯಾ ರಾಜ್ಯದ ಲಿಬರ್ಟಿ ಕೌಂಟಿಯಲ್ಲಿ ಮಲೇರಿಯಾ ಸಮೀಕ್ಷೆ ನಡೆಯುತ್ತಿತ್ತು. ರಕ್ತ ಪರೀಕ್ಷೆಗೆ ಬಂದ ಒಬ್ಬ ಕಪ್ಪು ಹುಡುಗನ ನಾಲ್ಕು ಚಿತ್ರಗಳು. ಸೂಜಿಯ ಮುಂದೆ ನಿಂತ ಮಗುವಿನ ಮುಖದಲ್ಲಿ ಏನೇನು ಹಾದುಹೋಗುತ್ತದೋ ಅದೆಲ್ಲ ಆ ನಾಲ್ಕರಲ್ಲಿತ್ತು.

ಆಗ ಇಪ್ಪತ್ನಾಲ್ಕರ ತರುಣನಾಗಿದ್ದ ಕೀಟ್ಸ್ ಅವನ್ನು ಕತ್ತರಿಸಿಟ್ಟುಕೊಂಡರು. ಮಕ್ಕಳ ಪುಸ್ತಕದ ಯೋಚನೆ ಅವರಿಗೆ ಆಗ ಇರಲಿಲ್ಲ. ಆ ಮುಖಭಾವ, ಮೈಯ ನಿಲುವು, ಬಟ್ಟೆ ತೊಟ್ಟ ರೀತಿ ತನ್ನನ್ನು ಹಿಡಿದುಬಿಟ್ಟವು ಎಂದು ಮುಂದೆ ಪದಕ ಸ್ವೀಕರಿಸುವಾಗ ಹೇಳಿದರು. ತುಣುಕನ್ನು ಕೆಲಸದ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಅಂಟಿಸುತ್ತಿದ್ದರು. ನೋಡುವುದೇ ಒಂದು ಖುಷಿಯಾಗಿತ್ತು. 1940ರಿಂದ 1962ಕ್ಕೆ 22 ವರ್ಷ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇದು ಫೋಟೊ ನೋಡಿ ಬರೆದದ್ದಲ್ಲವೇ, ಎದುರಿಗಿರುವ ಮನುಷ್ಯರನ್ನು ನೋಡಿ ಬರೆಯುವುದಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧವಿದೆ ಎಂದು ನಾನು ವಾದಿಸುತ್ತೇನೆ, ಆದರೆ ವಾದಕ್ಕೆ ಮೊದಲು ಈ ಮನುಷ್ಯನ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು.

ಕೀಟ್ಸ್ ಹುಟ್ಟಿದ್ದು 1916ರಲ್ಲಿ, ಬ್ರೂಕ್ಲಿನ್ನಿನ ಬಡ ಯಹೂದಿ ಮನೆಯಲ್ಲಿ. ತಂದೆತಾಯಿ ಪೋಲೆಂಡಿನಿಂದ ವಲಸೆ ಬಂದವರು. ಮನೆತನದ ಹೆಸರು ಕಾಟ್ಜ್. ಯಹೂದಿ ಎಂಬ ಕಾರಣಕ್ಕೆ ಕೆಲಸ ತಪ್ಪುತ್ತಿದ್ದ ಕಾಲದಲ್ಲಿ, 1947ರಲ್ಲಿ, ಅದನ್ನು ಕೀಟ್ಸ್ ಎಂದು ಬದಲಾಯಿಸಿಕೊಂಡರು. ತಂದೆ ಒಂದು ಕಾಫಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮಗ ಚಿತ್ರಕಾರನಾದರೆ ಉಪವಾಸ ಬೀಳುತ್ತಾನೆಂದು ಬೈಯುತ್ತಿದ್ದರು. ಬೈಯುತ್ತಲೇ, ಹೊಟ್ಟೆಗಿಲ್ಲದ ಕಲಾವಿದನೊಬ್ಬ ಒಂದು ಬಟ್ಟಲು ಸೂಪಿಗೆ ಬದಲಾಗಿ ಕೊಟ್ಟ ಎಂದು ಸುಳ್ಳು ಹೇಳಿ ಬಣ್ಣದ ಟ್ಯೂಬುಗಳನ್ನು ತಂದುಕೊಡುತ್ತಿದ್ದರು. ಮಗನ ಹೈಸ್ಕೂಲು ಪದವಿ ಸಮಾರಂಭ ನಾಳೆ ಎನ್ನುವಾಗ ಆ ತಂದೆ ಹೃದಯಾಘಾತದಿಂದ ತೀರಿಕೊಂಡರು. ಗುರುತು ಹಿಡಿಯಲು ಹೋದ ಮಗನಿಗೆ ತಂದೆಯ ಪರ್ಸಿನಲ್ಲಿ ಸಿಕ್ಕಿದ್ದು ಮಡಿಸಿ ಮಡಿಸಿ ಜೀರ್ಣವಾದ ಪತ್ರಿಕೆಯ ತುಣುಕುಗಳು. ಮಗನಿಗೆ ಬಂದ ಚಿತ್ರಕಲಾ ಬಹುಮಾನಗಳ ಸುದ್ದಿ.

ಪತ್ರಿಕೆಯ ತುಣುಕನ್ನು ವರ್ಷಗಟ್ಟಲೆ ಬಿಡದೆ ಇಟ್ಟುಕೊಳ್ಳುವ ಗುಣ ಅವರಿಗೆ ಎಲ್ಲಿಂದ ಬಂತೆಂದು ನಾನು ಊಹಿಸಲು ಹೋಗುವುದಿಲ್ಲ. ಆದರೆ ಈ ಎರಡು ತುಣುಕುಗಳನ್ನು ಬೇರೆ ಬೇರೆಯಾಗಿ ನೆನೆಯಲು ನನಗೆ ಆಗುತ್ತಿಲ್ಲ.

ಬಹುಮಾನ ಬಂದ ಚಿತ್ರಗಳಲ್ಲೊಂದು, ಕೆಲಸವಿಲ್ಲದ ಗಂಡಸರು ಬೆಂಕಿಯ ಸುತ್ತ ಮೈ ಕಾಯಿಸಿಕೊಳ್ಳುತ್ತಿರುವುದು. ಆರ್ಥಿಕ ಕುಸಿತದ ಕಾಲ, ಬ್ರೂಕ್ಲಿನ್ನಿನ ಹುಡುಗ. ಅಂಥವರನ್ನು ಕಾಣಲು ಅವನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮುಂದೆ ಸರ್ಕಾರದ ಭಿತ್ತಿಚಿತ್ರ ಯೋಜನೆಯಲ್ಲಿ ದುಡಿದರು, ಕಾಮಿಕ್ಸ್ ಪುಸ್ತಕಗಳಿಗೆ ಹಿನ್ನೆಲೆ ಬರೆದರು, ಮಹಾಯುದ್ಧದಲ್ಲಿ ಸೇನೆಗೆ ಮರೆವೇಷದ ವಿನ್ಯಾಸ ಮಾಡಿಕೊಟ್ಟರು. 1954ರಿಂದ ಬೇರೆಯವರ ಮಕ್ಕಳ ಕಥೆಗಳಿಗೆ ಚಿತ್ರ ಬರೆಯತೊಡಗಿದರು. ಬಂದ ಹಸ್ತಪ್ರತಿಗಳಲ್ಲಿ ಒಂದರಲ್ಲೂ ಕಪ್ಪು ಮಗು ನಾಯಕನಾಗಿರಲಿಲ್ಲ. ಇದ್ದರೆ ಹಿಂದಿನ ಸಾಲಿನಲ್ಲಿ, ಲೆಕ್ಕಕ್ಕೆ. 1960ರಲ್ಲಿ ಪ್ಯಾಟ್ ಚೆರ್ ಅವರ ಜೊತೆಗೂಡಿ ತಾವೇ ಒಂದು ಪುಸ್ತಕ ಮಾಡಿದರು: ಪೋರ್ಟೊ ರಿಕೊದಿಂದ ಆಗತಾನೆ ಬಂದ, ಇಂಗ್ಲಿಷ್ ಬಾರದ ಹುಡುಗ ಕಳೆದುಹೋದ ನಾಯಿಯನ್ನು ಹುಡುಕುತ್ತ ನಗರದ ಕೇರಿ ಕೇರಿ ಅಲೆಯುವ ಕಥೆ. ಅದಾದ ಮೇಲೆ ತಮ್ಮೊಬ್ಬರದೇ ಪುಸ್ತಕ ಮಾಡುವ ಅವಕಾಶ ಬಂದಾಗ ನಾಯಕ ಯಾರೆಂದು ಯೋಚಿಸಬೇಕಾಗಲಿಲ್ಲ. ಅವನು ಗೋಡೆಯ ಮೇಲಿದ್ದ. ಅವನು ಪುಸ್ತಕಗಳಲ್ಲಿ ಯಾವತ್ತೋ ಇರಬೇಕಿತ್ತು, ಅದಕ್ಕೇ ನನ್ನ ಪುಸ್ತಕದಲ್ಲಿದ್ದಾನೆ ಎಂಬರ್ಥದಲ್ಲಿ ಕೀಟ್ಸ್ ಆಮೇಲೆ ಹೇಳಿದರು.

ಮುಖ ಕಾಣದ ಮುಖ್ಯಪಾತ್ರ

ಪುಸ್ತಕವನ್ನು ಕೈಯಲ್ಲಿ ಹಿಡಿದು ಒಮ್ಮೆ ಚಿತ್ರಕಾರರ ಕಣ್ಣಿನಿಂದ ನೋಡಬೇಕು. ಹೊರಗಿನ ಪುಟಗಳಲ್ಲಿ ಪೀಟರನ ಮುಖ ಬಹುಪಾಲು ಟೊಪ್ಪಿಗೆಯೊಳಗೆ ಅಡಗಿದೆ. ಕಂಡಾಗಲೂ ಒಂದು ಕಂದು ಆಕಾರ, ಅದರಲ್ಲಿ ಕೆಲವೇ ಗುರುತುಗಳು. ಹೆಜ್ಜೆ ಮೂಡಿಸುವ ಪುಟದಲ್ಲಿ ಅವನ ಬೆನ್ನು ಮತ್ತು ಮೊನಚಾದ ಟೊಪ್ಪಿಗೆಯೇ ಅವನು. ಆದರೂ ಐದು ವರ್ಷದ ಯಾವ ಮಗುವಿಗೂ ಅವನು ಈಗ ಏನು ಯೋಚಿಸುತ್ತಿದ್ದಾನೆಂದು ಹೇಳಬೇಕಾಗಿಲ್ಲ.

ಹೇಗೆ ಸಾಧ್ಯವಾಯಿತು ಎಂದರೆ, ಗೋಡೆಯ ಹುಡುಗನಿಂದ ಕೀಟ್ಸ್ ತೆಗೆದುಕೊಂಡದ್ದು ಮೂಗು ತುಟಿಗಳನ್ನಲ್ಲ. ಆ ಹುಡುಗ ಭಾರವನ್ನು ಯಾವ ಕಾಲಿನ ಮೇಲೆ ಹಾಕುತ್ತಾನೆ, ಕುತೂಹಲ ಹುಟ್ಟಿದಾಗ ಹೊಟ್ಟೆ ಹೇಗೆ ಮುಂದೆ ಬರುತ್ತದೆ, ದೊಡ್ಡದಾದ ಬಟ್ಟೆ ಭುಜದಿಂದ ಹೇಗೆ ಇಳಿಬೀಳುತ್ತದೆ, ಇವುಗಳನ್ನು. ಮುಖವನ್ನು ಒಂದು ಗಂಟೆಯಲ್ಲಿ ಕದಿಯಬಹುದು. ನಿಲುವು ಹಾಗೆ ಬರುವುದಿಲ್ಲ. ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಬರೆದವರಿಗೆಲ್ಲ ಇದು ಗೊತ್ತಿದೆ: ಮೊದಲ ದಿನ ಬರುವುದು ಆ ವ್ಯಕ್ತಿಯಲ್ಲ, ನಮ್ಮ ಕೈಯ ಹಳೆಯ ಚಾಳಿ. ಕಣ್ಣು, ಮೂಗು, ಕೂದಲು ಎಂದು ನಾವು ಕಲಿತ ಸಿದ್ಧ ಗುರುತುಗಳನ್ನು ಕೈ ತಾನಾಗಿಯೇ ಹಾಕಿಬಿಡುತ್ತದೆ. ಆ ಚಾಳಿ ದಣಿದ ಮೇಲೆ ಎದುರಿನವರು ಬರತೊಡಗುತ್ತಾರೆ. ಅದಕ್ಕೇ ಗೋಡೆಯ ಮೇಲಿನ ಫೋಟೊವನ್ನು ನಾನು ಜೀವಂತ ರೂಪದರ್ಶಿಯ ಲೆಕ್ಕಕ್ಕೆ ಸೇರಿಸುವುದು. 22 ವರ್ಷದಲ್ಲಿ ಕೀಟ್ಸ್‌ರ ಕೈಯ ಚಾಳಿಗಳೆಲ್ಲ ದಣಿದಿದ್ದವು. ಇಪ್ಪತ್ತು ನಿಮಿಷ ಎದುರಿಗೆ ಕೂತು ಎದ್ದುಹೋದ ಜೀವಂತ ಮನುಷ್ಯನಿಗಿಂತ ಅವರಿಗೆ ಆ ಕಾಗದದ ಹುಡುಗ ಹೆಚ್ಚು ಪರಿಚಿತನಾಗಿದ್ದ. ಜೊತೆಗೆ ಹುಡುಗನನ್ನು ಇಳಿಸಿದ್ದು ತಾವು ಹುಟ್ಟಿ ಬೆಳೆದ ಬೀದಿಗಳಂಥ ಬೀದಿಗೆ. ಹಿಮ ಬಿದ್ದ ಬೆಳಗ್ಗೆ ನಗರದ ಸದ್ದು ಹೇಗೆ ಅಡಗುತ್ತದೆಂಬುದು ಅವರಿಗೆ ಫೋಟೊದಿಂದ ಕಲಿಯಬೇಕಾದ ಸಂಗತಿಯಾಗಿರಲಿಲ್ಲ.

ತಂತ್ರವೂ ನಿಲುವಿಗೆ ನೆರವಾಯಿತು. ಅಲ್ಲಲ್ಲಿ ಒಂದಿಷ್ಟು ಚಿತ್ತಾರದ ಕಾಗದ ಅಂಟಿಸೋಣವೆಂದು ಹೊರಟವರು ಇಡೀ ಪುಸ್ತಕವನ್ನೇ ಕೊಲಾಜಿನಲ್ಲಿ ಮಾಡಿದರು. ಜಪಾನ್, ಇಟಲಿ, ಸ್ವೀಡನ್ನಿನ ಕಾಗದಗಳು ಬಂದವು. ಹಾಸಿಗೆಯ ಬಟ್ಟೆಗೆ ಚಿತ್ರ ಬರೆಯುವ ಬೆಲ್ಜಿಯಂ ಕ್ಯಾನ್ವಾಸಿನ ತುಂಡು. ರಾತ್ರಿಯ ಪುಟದ ಹಿನ್ನೆಲೆಗೆ ಹಲ್ಲುಜ್ಜುವ ಬ್ರಷ್ಷಿನಿಂದ ಸಿಡಿಸಿದ ಕಪ್ಪು ಶಾಯಿ. ಹಿಮದ ಹರಳುಗಳಿಗೆ ರಬ್ಬರಿನಲ್ಲಿ ಕೆತ್ತಿದ ಅಚ್ಚು. ಇವುಗಳ ನಡುವೆ ಪೀಟರನ ಉಡುಪು ಒಂದೇ ಅಪ್ಪಟ ಕೆಂಪು. ಚಿತ್ತಾರವಿಲ್ಲ, ನೆರಿಗೆಯಿಲ್ಲ. ಹಾಗಾಗಿ ಅವನ ಹೊರಗೆರೆಯೇ ಮಾತನಾಡುತ್ತದೆ. ಒಂದು ಕಾಲು ಸ್ವಲ್ಪ ಓರೆಯಾದರೂ ಗೊತ್ತಾಗುತ್ತದೆ.

ಹಳದಿ ಚೌಕಳಿ

ಈಗ ತಾಯಿ. ಪೀಟರ್ ಮನೆಗೆ ಬಂದು ತನ್ನ ಸಾಹಸಗಳನ್ನು ಹೇಳುತ್ತಿದ್ದಾನೆ, ಅವಳು ಅವನ ಒದ್ದೆ ಕಾಲುಚೀಲ ಬಿಚ್ಚುತ್ತಿದ್ದಾಳೆ. ಅವಳು ದೊಡ್ಡ ಗಾತ್ರದವಳು, ತೊಟ್ಟಿರುವುದು ಕಣ್ಣಿಗೆ ಹೊಡೆಯುವ ಹಳದಿ ಚೌಕಳಿಯ ಉಡುಪು.

1965ರ ಸೆಪ್ಟೆಂಬರ್ 11ರಂದು ‘ಸ್ಯಾಟರ್ಡೇ ರಿವ್ಯೂ’ ವಾರಪತ್ರಿಕೆಯಲ್ಲಿ ನ್ಯಾನ್ಸಿ ಲ್ಯಾರಿಕ್ ಒಂದು ಲೇಖನ ಬರೆದರು. ಅಮೆರಿಕದ ಮಕ್ಕಳ ಪುಸ್ತಕಲೋಕ ಪೂರ್ತಿ ಬಿಳಿಯರದ್ದಾಗಿದೆ ಎಂಬುದು ಅದರ ತಿರುಳು. 63 ಪ್ರಕಾಶಕರು ಮೂರು ವರ್ಷಗಳಲ್ಲಿ ಹೊರತಂದ 5,206 ಪುಸ್ತಕಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಒಬ್ಬರಾದರೂ ಕಪ್ಪು ಪಾತ್ರವಿದ್ದವು 349, ನೂರಕ್ಕೆ 6.7. ಬಹಳ ದೊಡ್ಡ ಕೆಲಸ ಅದು. ಹಾಗೆ ಎಣಿಸುತ್ತ ಬಂದವರ ಕಣ್ಣಿಗೆ ಮೆಚ್ಚುಗೆಯ ಪುಸ್ತಕವಾದ ‘ದಿ ಸ್ನೋಯಿ ಡೇ’ಯ ತಾಯಿಯೂ ಬಿದ್ದಳು. ಢಾಳು ಹಳದಿ ಚೌಕಳಿಯ ಭಾರಿ ಹೆಂಗಸು, ತಲೆಗೆ ಕೆಂಪು ವಸ್ತ್ರವೊಂದು ಇಲ್ಲ ಅಷ್ಟೇ, ಎಂಬಂತೆ ಕುಟುಕಿದರು.

ಆ ಕೆಂಪು ವಸ್ತ್ರದ ಮಾತು ಕನ್ನಡ ಓದುಗರಿಗೆ ತಟ್ಟನೆ ಹೊಳೆಯಲಾರದು. ದಪ್ಪ ದೇಹ, ತಲೆಗೆ ಕಟ್ಟಿದ ಬಟ್ಟೆ, ಬಿಳಿಯರ ಮನೆಯ ಮಕ್ಕಳನ್ನು ಸಾಕುವ ಸದಾ ನಗುಮುಖದ ಕಪ್ಪು ಆಳು ಹೆಂಗಸು: ಇದು ಅಮೆರಿಕದ ಜಾಹೀರಾತು, ಸಿನಿಮಾಗಳಲ್ಲಿ ತಲೆಮಾರುಗಳಿಂದ ನಿಂತಿದ್ದ ಅಚ್ಚು. ದೋಸೆಯಂಥ ತಿಂಡಿಯ ಹಿಟ್ಟಿನ ಡಬ್ಬಿಯ ಮೇಲೆ ಅಂಥವಳೊಬ್ಬಳ ಮುಖ ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ ಆಸ್ಕರ್ ಬಂದದ್ದು ಅಂಥ ಪಾತ್ರಕ್ಕೇ, 1940ರಲ್ಲಿ. ಲೈಫ್‌ನಲ್ಲಿ ಆ ಹುಡುಗನ ಚಿತ್ರ ಬಂದ ವರ್ಷವೂ ಅದೇ. ಕೀಟ್ಸ್ ಕಣ್ಣೆದುರಿಗೆ ಎರಡೂ ಇದ್ದವು, ಒಂದು ತಾವೇ ಆರಿಸಿ ಗೋಡೆಗೆ ಅಂಟಿಸಿದ್ದು, ಇನ್ನೊಂದು ಯಾರೂ ಅಂಟಿಸದೆ ತಾನೇ ಎಲ್ಲೆಡೆ ಅಂಟಿಕೊಂಡದ್ದು.

ಪೀಟರ್ ಕಪ್ಪು ಹುಡುಗನೆಂದು ಪಠ್ಯದಲ್ಲಿ ಒಂದು ಕಡೆಯೂ ಹೇಳಿಲ್ಲವಲ್ಲ ಎಂಬ ದೂರೂ ಇತ್ತು. ಕೀಟ್ಸ್ ಸಿಟ್ಟಾದರು. ಅದೇ ಪತ್ರಿಕೆಗೆ ಉತ್ತರ ಬರೆದರು. ಮೂರರಿಂದ ಆರು ವರ್ಷದ ಮಕ್ಕಳ ಪುಸ್ತಕದಲ್ಲಿ, ಮೈಬಣ್ಣ ಕಣ್ಣಿಗೇ ಕಾಣುತ್ತಿರುವಾಗ, ಪಟ್ಟಿ ಬೇರೆ ಅಂಟಿಸಬೇಕೇ? ಹಾಗಿದ್ದರೆ ತೋಳಿಗೊಂದು ಪಟ್ಟಿ ಕಟ್ಟಿಸೋಣವೇ? ಯಹೂದಿಯೊಬ್ಬ ತೋಳಪಟ್ಟಿಯ ಮಾತು ಎತ್ತಿದಾಗ, ಅದೂ ಮಹಾಯುದ್ಧ ಮುಗಿದು ಇಪ್ಪತ್ತೇ ವರ್ಷಕ್ಕೆ, ಅದು ನಾಜಿಗಳು ಯಹೂದಿಗಳ ತೋಳಿಗೆ ಗುರುತಿಗೆಂದು ಕಟ್ಟಿಸಿದ ಪಟ್ಟಿಯೇ ಎಂದು ಆಗಿನ ಓದುಗರಿಗೆ ವಿವರಿಸಬೇಕಾಗಿರಲಿಲ್ಲ.

ಈ ಒಂದು ವಿಷಯದಲ್ಲಿ ನಾನು ಪೂರ್ತಿ ಕೀಟ್ಸ್ ಪಕ್ಷ, ಅದಕ್ಕೆ ನನ್ನ ಭಾಷೆಯೂ ಕಾರಣ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹುಡುಗ ಕಪ್ಪು ಎಂದು ಪುಸ್ತಕದಲ್ಲಿ ಬರೆದಿಲ್ಲ ಎಂಬ ದೂರು ಕನ್ನಡದಲ್ಲಿ ನಿಲ್ಲುವುದೇ ಇಲ್ಲ. ಬರೆದಿದ್ದಾರಲ್ಲ, ಪುಟ ಪುಟದಲ್ಲೂ!

ತಾಯಿಯ ವಿಷಯದಲ್ಲಿ ಮಾತ್ರ ಲ್ಯಾರಿಕ್ ಕಣ್ಣು ಸರಿಯಾಗಿಯೇ ಇತ್ತು. ಆದರೆ ತಪ್ಪು ನಡೆದ ಜಾಗ ಯಾವುದು ಎಂಬುದರ ಬಗ್ಗೆ ನನಗೆ ಬೇರೆ ಅನುಮಾನವಿದೆ. ಆ ಚೌಕಳಿ ಉಡುಪು ನಿಜವಾಗಿ ಬಟ್ಟೆಯಲ್ಲ. ಕಪಾಟಿನ ಹಲಗೆಗಳಿಗೆ ಹಾಸುವ ಎಣ್ಣೆಬಟ್ಟೆಯನ್ನು ಕತ್ತರಿಸಿ ಅಂಟಿಸಿದ್ದು. ಇದನ್ನು ಹೇಳಿದವರು ಕೀಟ್ಸ್ ಅವರೇ. ಚೌಕಳಿಯನ್ನು ಚಪ್ಪಟೆಯಾಗಿ ಅಂಟಿಸಿದರೆ ಏನಾಗುತ್ತದೆಂದು ಕೊಲಾಜ್ ಮಾಡಿದವರನ್ನು ಕೇಳಿ. ನಿಜವಾದ ಉಡುಪಿನಲ್ಲಿ ಚೌಕಗಳು ಮಂಡಿಯ ಬಳಿ ತಿರುಗುತ್ತವೆ, ಸೊಂಟದ ಬಳಿ ಕಿರಿದಾಗುತ್ತವೆ, ಎದೆಯ ಬಳಿ ವಾಲುತ್ತವೆ. ಅಂಟಿಸಿದ ತುಂಡಿನಲ್ಲಿ ಅವು ಗೋಡೆಯ ಹೆಂಚಿನಂತೆ ನೆಟ್ಟಗೆ ನಿಲ್ಲುತ್ತವೆ. ಒಳಗಿರುವ ದೇಹ ಅಗಲವಾಗುತ್ತದೆ, ಭಂಗಿ ಕಳೆದುಹೋಗುತ್ತದೆ. ಅಪ್ಪಟ ಕೆಂಪು ಪೀಟರನಿಗೆ ಏನನ್ನು ಕೊಟ್ಟಿತೋ ಅದನ್ನೇ ಹಳದಿ ಚೌಕಳಿ ತಾಯಿಯಿಂದ ಕಿತ್ತುಕೊಂಡಿತು.

ಅಷ್ಟೇ ಆಗಿದ್ದರೆ ಅದೊಂದು ಕಸುಬಿನ ಎಡವಟ್ಟು. ಭಂಗಿ ಖಾಲಿಯಾದ ಜಾಗ ಸುಮ್ಮನಿರುವುದಿಲ್ಲ ಎಂಬುದೇ ತೊಂದರೆ. ಓದುಗರ ತಲೆಯಲ್ಲಿ ಸಿದ್ಧವಾಗಿರುವ ಅಚ್ಚು ಬಂದು ಅಲ್ಲಿ ಕೂತುಕೊಳ್ಳುತ್ತದೆ. ಗೋಡೆಯ ಮೇಲೆ ತಾಯಿಗಾಗಿ ಯಾವ ತುಣುಕೂ ಇದ್ದ ಹಾಗೆ ಕಾಣುವುದಿಲ್ಲ. ಅವಳಿಗೆ ಪುಸ್ತಕದಲ್ಲಿ ಇದ್ದ ಕೆಲಸ ಕಾಲುಚೀಲ ಬಿಚ್ಚುವುದು. ಒಂದು ಪುಟದ ಪಾತ್ರಕ್ಕೆ ಯಾರು ಮಾದರಿ ಹುಡುಕಿಕೊಂಡು ಹೋಗುತ್ತಾರೆ? ಅಡ್ಡಪಾತ್ರಗಳಲ್ಲೇ ನಾವೆಲ್ಲ ಸಿಕ್ಕಿಬೀಳುವುದು.

ಮೆಟ್ಟುಗತ್ತಿ

ನಾನೂ ಸಿಕ್ಕಿಬಿದ್ದಿದ್ದೇನೆ. ಕರಾವಳಿಯ ಹುಡುಗಿಯೊಬ್ಬಳ ಕಥೆಗೆ ಚಿತ್ರ ಬರೆಯುತ್ತಿದ್ದೆ. ಹುಡುಗಿಗಾಗಿ ಶಾಲೆಯೊಂದರಲ್ಲಿ ನಾಲ್ಕು ದಿನ ಕೂತು ಎರಡು ಸ್ಕೆಚ್ ಪುಸ್ತಕ ತುಂಬಿಸಿದ್ದೆ. ಮೀನು ಮಾರುವ ಅವಳ ತಾಯಿ ಎರಡೇ ಪುಟದಲ್ಲಿ ಬರುತ್ತಿದ್ದಳು. ಅವಳನ್ನು ಮನೆಯಲ್ಲೇ ಕೂತು ಬರೆದೆ: ಮುಡಿಯಲ್ಲಿ ಹೂವು, ಅಗಲ ಕುಂಕುಮ, ಎತ್ತಿ ಕಟ್ಟಿದ ಸೀರೆ, ಬುಟ್ಟಿಯ ಮುಂದೆ ಚಕ್ಕಳಮಕ್ಕಳ, ಬಾಯಿ ತುಂಬ ನಗು. ಕರಡು ಚಿತ್ರಗಳನ್ನು ಅದೇ ಶಾಲೆಯ ಮಕ್ಕಳಿಗೆ ತೋರಿಸಿದಾಗ ಮೀನು ಮಾರುವವರ ಮನೆಯದೇ ಒಂದು ಹುಡುಗಿ ಬಹಳ ಹೊತ್ತು ನೋಡಿ ಕೇಳಿತು, “ಅಣ್ಣ, ಇವರು ಮೀನು ಮಾರುವುದು ಯಾವಾಗ?”

ಮಾರನೆಯ ದಿನ ಬೆಳಗ್ಗೆ ಪೇಟೆಗೆ ಹೋಗಿ ಒಬ್ಬ ಹಿರಿಯ ಮಾರಾಟಗಾರ್ತಿಯನ್ನು ಕೇಳಿಕೊಂಡು ಪಕ್ಕದಲ್ಲಿ ಕೂತೆ. “ಬರೆದುಕೋ ತಮ್ಮಾ, ಗಿರಾಕಿ ಬಂದರೆ ಅಡ್ಡ ಕೂರಬೇಡ” ಎಂದರು. ಅಡ್ಡ ಕೂರದೆ ನೋಡಿದಾಗ ಕಂಡದ್ದು: ಚಕ್ಕಳಮಕ್ಕಳ ಹಾಕಿದರೆ ಮೆಟ್ಟುಗತ್ತಿಯನ್ನು ಮೆಟ್ಟುವುದು ಹೇಗೆ? ಒಂದು ಮಂಡಿ ಮೇಲೆದ್ದಿರುತ್ತದೆ, ಒಂದು ಪಾದ ಕತ್ತಿಯ ಮಣೆಯ ಮೇಲಿರುತ್ತದೆ. ಎರಡೂ ಕೈ ಒದ್ದೆ, ಹಾಗಾಗಿ ನೋಟು ಹಿಡಿಯುವುದು ಎರಡು ಬೆರಳಿನ ತುದಿಯಲ್ಲಿ. ಕತ್ತರಿಸುವಾಗ ನೋಟ ಮೀನಿನ ಮೇಲಿಲ್ಲ, ಆಚೆ ಬುಟ್ಟಿಯ ಬಳಿ ಚೌಕಾಶಿ ಮಾಡುತ್ತಿರುವ ಗಿರಾಕಿಯ ಮೇಲೆ. ನಗು ವ್ಯಾಪಾರ ಕುದುರಿದ ಮೇಲೆ ಬಂತು, ಅದೂ ಅರ್ಧ. ಹೂವು ಇರಲಿಲ್ಲ. ಎರಡು ಪುಟವನ್ನೂ ಮತ್ತೆ ಬರೆದೆ. ಮೊದಲಿನ ಚಿತ್ರವೇ ಲಕ್ಷಣವಾಗಿತ್ತು ಎಂದು ಪ್ರಕಾಶಕರು ಬೇಸರಪಟ್ಟುಕೊಂಡದ್ದು ಬೇರೆ ಕಥೆ.

ಬಣ್ಣ

ಕೀಟ್ಸ್ ಪುಸ್ತಕ ಬಂದ 1962ರಲ್ಲೇ ಅಮೆರಿಕದ ಕ್ರಯೋಲಾ ಕಂಪನಿ ತನ್ನ ಕ್ರಯಾನ್ ಪೆಟ್ಟಿಗೆಯಲ್ಲಿ ‘ಫ್ಲೆಶ್’ ಎಂದು ಕರೆಯುತ್ತಿದ್ದ ತಿಳಿಗುಲಾಬಿ ಕಡ್ಡಿಯ ಹೆಸರನ್ನು ‘ಪೀಚ್’ ಎಂದು ಬದಲಾಯಿಸಿತು. ಎರಡಕ್ಕೂ ನೇರ ನಂಟಿಲ್ಲ, ಗಾಳಿ ಒಂದೇ. ಪುಸ್ತಕ ಓದಿಸಿದ ಶಿಕ್ಷಕಿಯೊಬ್ಬರು ಕೀಟ್ಸ್‌ಗೆ ಪತ್ರ ಬರೆದರು: ನನ್ನ ತರಗತಿಯ ಕಪ್ಪು ಮಕ್ಕಳು ಇಷ್ಟು ದಿನ ತಮ್ಮ ಚಿತ್ರವನ್ನು ಗುಲಾಬಿ ಕಡ್ಡಿಯಿಂದ ಬರೆದುಕೊಳ್ಳುತ್ತಿದ್ದರು, ಈಗ ಮೊದಲ ಸಲ ಕಂದು ಕಡ್ಡಿ ಎತ್ತಿಕೊಂಡಿದ್ದಾರೆ.

ನಮ್ಮ ಶಾಲೆಗಳಲ್ಲಿ ಅದೇ ತಿಳಿಗುಲಾಬಿ ಕಡ್ಡಿಗೆ ಈಗಲೂ ‘ಸ್ಕಿನ್ ಕಲರ್’ ಎಂದೇ ಹೆಸರು. ಕರ್ನಾಟಕದ ಬಿಸಿಲಿನಲ್ಲಿ ಆ ಬಣ್ಣದ ಚರ್ಮ ಎಷ್ಟು ಮಂದಿಗಿದೆ? ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಮಕ್ಕಳಿದ್ದಾರೆ, ಅವರ ಮನೆಮಾತು ನಮ್ಮದರಷ್ಟೇ ಈ ನೆಲದ್ದು. ಸಿದ್ದಿಗಳನ್ನು ಚಿತ್ರಿಸಲು ಕೇಳಿದರೆ ನಮ್ಮವರ ಕೈಗೆ ಮೊದಲು ಬರುವುದು ಡಮಾಮಿ ಕುಣಿತ, ಇಲ್ಲವೇ ಓಟದ ಪಂದ್ಯ. ಕುಣಿತ ಸುಳ್ಳಲ್ಲ, ಓಟವೂ ಸುಳ್ಳಲ್ಲ. ಆದರೆ ಸಿದ್ದಿ ಹುಡುಗನೊಬ್ಬ ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಹೋಗುವ, ಹಳೆಯ ಬಟ್ಟೆಯ ಚೂರುಗಳಿಂದ ಅಜ್ಜಿ ಹೊಲಿದ ಕೌದಿಯೊಳಗೆ ನಿದ್ದೆ ಬಾರದೆ ಹೊರಳಾಡುವ ಪುಸ್ತಕ ಎಷ್ಟಿವೆ? ಪೀಟರ್ ಮಾಡಿದ್ದು ಅಂಥದ್ದನ್ನೇ. ಅವನು ತನ್ನ ಜನಾಂಗವನ್ನು ಪ್ರತಿನಿಧಿಸಲಿಲ್ಲ, ಹಿಮದಲ್ಲಿ ಆಡಿದ.

ಬಣ್ಣ ಕಲಸುವಾಗಿನ ಒಂದು ಮಾತು. ಕಪ್ಪು ಚರ್ಮಕ್ಕೆ ಕಪ್ಪು ಬಣ್ಣ ಬೆರೆಸಿದರೆ ಅದು ಸಾಯುತ್ತದೆ, ಬೂದಿ ಬಡಿದಂತಾಗುತ್ತದೆ. ಸುಟ್ಟ ಕಾವಿಗೆ ಗಾಢ ನೀಲಿ ಸೇರಿಸಿದರೆ ಆಳ ಬರುತ್ತದೆ, ಹಣೆಯ ಮೇಲೆ ಬೀಳುವ ಬೆಳಕಿಗೆ ಬಿಳಿಯ ಬದಲು ಅಲ್ಲಿನ ಆಕಾಶದ ಬಣ್ಣವೇ ಬೇಕು. ಇದು ಪುಸ್ತಕದಿಂದ ಕಲಿತದ್ದಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರನ್ನು ನೋಡಿ ಕಲಿತದ್ದು.

ಆಮೇಲೆ

ಪೀಟರ್ ಇನ್ನೂ ಆರು ಪುಸ್ತಕಗಳಲ್ಲಿ ಬಂದ, 1972ರವರೆಗೆ. ಬರುತ್ತ ಬರುತ್ತ ಬೆಳೆದ: ಸೀಟಿ ಹೊಡೆಯಲು ಕಲಿತ, ತಂಗಿಯ ಮೇಲೆ ಹೊಟ್ಟೆಕಿಚ್ಚುಪಟ್ಟ. 1967ರ ‘ಪೀಟರ್ಸ್ ಚೇರ್’ನಲ್ಲಿ ತೊಟ್ಟಿಲ ಮೇಲೆ ಬಾಗಿರುವ ತಾಯಿಯನ್ನು ನೋಡಿದರೆ ಅವಳೇ ಇವಳೇ ಎನಿಸುತ್ತದೆ. ತೆಳ್ಳಗಿನ ತರುಣಿ, ಬಾಗಿದ ಕುತ್ತಿಗೆಯಲ್ಲಿ ಒಂದು ಭಾವವಿದೆ. ಟೀಕೆಯ ಫಲವೋ, ಅಷ್ಟರಲ್ಲಿ ಕೀಟ್ಸ್ ಯಾರನ್ನಾದರೂ ನೋಡಿದ್ದರೋ, ಅಂತೂ ಅವಳಿಗೆ ಮೈ ಬಂದಿತ್ತು.

ಮುಂದೆ ಕಪ್ಪು ಕಲಾವಿದರೇ ತಮ್ಮ ಮಕ್ಕಳನ್ನು ಬರೆಯತೊಡಗಿದರು. ಜಾನ್ ಸ್ಟೆಪ್ಟೋ ಅವರ ಮೊದಲ ಪುಸ್ತಕ 1969ರಲ್ಲಿ ಬಂದಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಜೆರಿ ಪಿಂಕ್ನಿ ಮನೆಯವರನ್ನೂ ಸ್ನೇಹಿತರನ್ನೂ ಪಾತ್ರದ ವೇಷದಲ್ಲಿ ನಿಲ್ಲಿಸಿ, ಕೆಲವೊಮ್ಮೆ ತಾವೇ ನಿಂತು, ಅದನ್ನು ನೋಡಿ ಬರೆಯುತ್ತಿದ್ದರು. ಅಡ್ಡಪಾತ್ರಕ್ಕೂ ಹಾಗೆಯೇ. ಆದರೂ ದಾರಿ ನಿಧಾನದ್ದು. ವಿಸ್ಕಾನ್ಸಿನ್ನಿನ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿದಾಗ ಆ ವರ್ಷ ಅಮೆರಿಕದಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಬರಹಗಾರರು ಅಥವಾ ಚಿತ್ರಕಾರರು ಮಾಡಿದ್ದು 18. ಕೀಟ್ಸ್ 1983ರಲ್ಲೇ ತೀರಿಕೊಂಡಿದ್ದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ, ತನ್ನ 125ನೆಯ ವರ್ಷಕ್ಕೆ, ಜನ ಅತಿ ಹೆಚ್ಚು ಸಲ ಎರವಲು ಒಯ್ದ ಪುಸ್ತಕಗಳ ಪಟ್ಟಿ ಹೊರಡಿಸಿತು. ಮೊದಲ ಸ್ಥಾನದಲ್ಲಿ ‘ದಿ ಸ್ನೋಯಿ ಡೇ’ ಇತ್ತು, 4,85,583 ಸಲ.

ಇಷ್ಟೆಲ್ಲದರ ನಡುವೆ ನನಗೆ ಬಿಡದೆ ಕಾಡುವವನು ಫೋಟೊದ ಹುಡುಗ. ಅವನನ್ನು ಯಾರೂ ಕೇಳಲಿಲ್ಲ. ಸೂಜಿ ಚುಚ್ಚುವವರು ಕೇಳಿದರೋ ಇಲ್ಲವೋ, ಫೋಟೊ ತೆಗೆದವರು ಕೇಳಿದರೋ ಇಲ್ಲವೋ, ಗೋಡೆಗೆ ಅಂಟಿಸಿಕೊಂಡವರಂತೂ ಕೇಳುವಂತಿರಲಿಲ್ಲ. ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೂತು ಬರೆಯುವಾಗ ಬರೆದದ್ದನ್ನು ಅವರಿಗೇ ತೋರಿಸುವುದನ್ನೂ, ಬೇಡವೆಂದರೆ ಹರಿದು ಕೈಗೆ ಕೊಡುವುದನ್ನೂ ನಾನು ರೂಢಿಸಿಕೊಂಡದ್ದಕ್ಕೆ ಆ ಹುಡುಗನೂ ಒಂದು ಕಾರಣ. ಕೆಲವು ಒಳ್ಳೆಯ ಚಿತ್ರಗಳು ಹಾಗೆ ಹೋಗಿವೆ. ಹೋಗಲಿ.

1940ರಲ್ಲಿ ಅವನಿಗೆ ನಾಲ್ಕೈದು ವರ್ಷ ಎಂದಿಟ್ಟುಕೊಂಡರೆ, ಪುಸ್ತಕ ಬಂದಾಗ ಇಪ್ಪತ್ತಾರೋ ಇಪ್ಪತ್ತೇಳೋ. ಅವನಿಗೂ ಮಕ್ಕಳಾಗಿದ್ದಿರಬಹುದು. ಪದಕದ ಮುದ್ರೆಯಿದ್ದ ಆ ಪುಸ್ತಕವನ್ನು ಎಲ್ಲೋ ಒಂದು ಶಾಲೆಯಲ್ಲಿ ಕೈಗೆತ್ತಿಕೊಂಡಿರಲೂಬಹುದು. ತನ್ನನ್ನು ತಾನು ಗುರುತು ಹಿಡಿಯುತ್ತಿರಲಿಲ್ಲ: ಮುಖ ಟೊಪ್ಪಿಗೆಯೊಳಗಿದೆ, ಜಾರ್ಜಿಯಾದ ಸೆಕೆಯ ಹುಡುಗನ ಸುತ್ತ ಹಿಮ ಬಿದ್ದಿದೆ. ಆದರೆ ಅವನ ತಾಯಿ ಬದುಕಿದ್ದು, ಮೊಮ್ಮಗುವಿನ ಭುಜದ ಮೇಲಿಂದ ಆ ಪುಟವನ್ನು ಬಗ್ಗಿ ನೋಡಿದ್ದರೆ, ಹಿಮದಲ್ಲಿ ಕಾಲೆಳೆಯುತ್ತ ಹೋಗುವ ಆ ಕೆಂಪು ಬೆನ್ನನ್ನು ಕಂಡು ಒಂದು ಕ್ಷಣ ನಿಂತಿರುತ್ತಿದ್ದಳು.